ಲಾಗಿನ್ ಎಂಬ ಸಹಿ: ಪಂಚಾಯಿತಿ ಆ್ಯಪ್‌ಗಳಲ್ಲಿ ಬಳಕೆದಾರರ ಗುರುತು ದೃಢೀಕರಣ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಪಂಚಾಯಿತಿಯ ವ್ಯವಹಾರದಲ್ಲಿ ಸಹಿಗೆ ಇರುವ ಬೆಲೆಯನ್ನು ಈ ಸಭೆಯಲ್ಲಿ ಯಾರಿಗೂ ವಿವರಿಸಬೇಕಾದ ಅಗತ್ಯವಿಲ್ಲ. ನಡಾವಳಿ ಪುಸ್ತಕದಲ್ಲಿ ಸಹಿ ಬೀಳದ ನಿರ್ಣಯಕ್ಕೆ ಬೆಲೆಯಿಲ್ಲ. ಅಧ್ಯಕ್ಷರು ಹಾಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಜಂಟಿಯಾಗಿ ಸಹಿ ಮಾಡದ ಚೆಕ್ಕನ್ನು ಬ್ಯಾಂಕಿನವರು ಮುಟ್ಟುವುದಿಲ್ಲ. ಆದರೆ ಆ ಕಾಗದಪತ್ರಗಳ ಬಹುಭಾಗ ಈಗ ಗಣಕಯಂತ್ರಕ್ಕೆ ಸರಿದಿದೆ. ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಮತ್ತು 11 ಹೊರಬರುತ್ತಿವೆ. ಲೆಕ್ಕಪತ್ರ ಹಾಗೂ ಕರದ ವಿವರಗಳು ಪಂಚತಂತ್ರದಲ್ಲಿವೆ. 2020ರ ಏಪ್ರಿಲ್ 24ರಂದು, ಪಂಚಾಯತ್ ರಾಜ್ ದಿನದಂದು, ಆರಂಭಗೊಂಡ ಇ-ಗ್ರಾಮ್‌ಸ್ವರಾಜ್ ಮೂಲಕ ಪಾವತಿಗಳು ನಡೆಯುತ್ತಿವೆ. ಇವೆಲ್ಲವುಗಳಲ್ಲಿ ಸಹಿಯ ಸ್ಥಾನದಲ್ಲಿ ನಿಂತಿರುವುದು ಲಾಗಿನ್. ವಿಚಿತ್ರವೆಂದರೆ, ಚೆಕ್ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಕಚೇರಿಯಲ್ಲಿಯೇ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿರುವುದೂ ಉಂಟು.

ಸರ್ಕಾರದ ದೊಡ್ಡ ತಂತ್ರಾಂಶಗಳ ವಿನ್ಯಾಸ ಸದಸ್ಯರ ಕೈಯಲ್ಲಿಲ್ಲ, ನಿಜ. ಆದರೆ ನೀರಿನ ಕರ ವಸೂಲಿ, ಬೀದಿದೀಪದ ದೂರು, ಕಸ ವಿಲೇವಾರಿ ವಾಹನದ ವೇಳಾಪಟ್ಟಿ ಮುಂತಾದ ಸ್ಥಳೀಯ ಕೆಲಸಗಳಿಗೆ ಸಣ್ಣ ಜಾಲತಾಣವನ್ನೋ ಮೊಬೈಲ್ ಆ್ಯಪನ್ನೋ ಮಾಡಿಸುವ ಪ್ರಸ್ತಾವಗಳು ಪಂಚಾಯಿತಿಯ ಸಾಮಾನ್ಯ ಸಭೆಯ ಮುಂದೆಯೇ ಬರುತ್ತವೆ. ದರಪಟ್ಟಿಯಲ್ಲಿ ಎಷ್ಟು ಪುಟ, ಯಾವ ಬಣ್ಣ, ಎಷ್ಟು ಭಾಷೆ ಎಂಬ ವಿವರಗಳೆಲ್ಲ ಇರುತ್ತವೆ. ಗುರುತಿನ ವಿಷಯಕ್ಕೆ ಬಂದರೆ ‘ಲಾಗಿನ್ ಸೌಲಭ್ಯ ಇದೆ’ ಎಂಬ ಒಂದೇ ಸಾಲು ಇರುತ್ತದೆ. ಆ ಒಂದು ಸಾಲಿನ ಒಳಗೆ ಏನಿರಬೇಕು, ಏನನ್ನು ಕೇಳಿ ಒಪ್ಪಿಗೆ ಕೊಡಬೇಕು ಎಂಬುದೇ ಇಂದಿನ ವಿಷಯ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಆರು ಹಳ್ಳಿಗಳ ಒಂದು ಪಂಚಾಯಿತಿ ನೀರಿನ ಕರ ವಸೂಲಿಗೆ ಆ್ಯಪ್ ಮಾಡಿಸಿದೆ. ತಯಾರಕರು ಇಡೀ ಕಚೇರಿಗೆ ಒಂದೇ ಬಳಕೆದಾರರ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟಿದ್ದಾರೆ. ಕರವಸೂಲಿಗಾರ ಮನೆಮನೆಗೆ ಹೋದಾಗ ಅದನ್ನು ಬಳಸುತ್ತಾನೆ. ಕಚೇರಿಯಲ್ಲಿ ಡಾಟಾ ಎಂಟ್ರಿ ಆಪರೇಟರ್ ಅದನ್ನೇ ಬಳಸುತ್ತಾರೆ. ಕರವಸೂಲಿಗಾರ ರಜೆ ಹಾಕಿದ ವಾರ ನೀರಗಂಟಿಯ ಕೈಗೂ ಅದೇ ಪಾಸ್‌ವರ್ಡ್ ಬರುತ್ತದೆ. ವರ್ಷಾಂತ್ಯದ ಲೆಕ್ಕ ಪರಿಶೋಧನೆಯಲ್ಲಿ 31 ರಸೀದಿಗಳು ರದ್ದಾಗಿರುವುದು ಕಂಡುಬರುತ್ತದೆ. ಜನರ ಕೈಯಲ್ಲಿ ರಸೀದಿ ಇದೆ, ಹಣ ಮಾತ್ರ ಖಾತೆಗೆ ಬಂದಿಲ್ಲ. ರದ್ದು ಮಾಡಿದವರು ಯಾರೆಂದು ಆ್ಯಪನ್ನು ಕೇಳಿದರೆ ಅದು ಕೊಡುವ ಉತ್ತರ ‘ಪಂಚಾಯಿತಿ’ ಎಂದು. ಮೂವರಲ್ಲಿ ಹಣ ನುಂಗಿದವನು ಸಿಕ್ಕುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ನುಂಗದ ಇಬ್ಬರಿಗೆ ತಾವು ನಿರಪರಾಧಿಗಳೆಂದು ತೋರಿಸುವ ದಾರಿಯೇ ಇರುವುದಿಲ್ಲ. ಇಂತಹ ಪ್ರಕರಣಗಳಲ್ಲಿ ಬೆರಳು ಕೊನೆಗೆ ಯಾರ ಕಡೆ ತಿರುಗುತ್ತದೆ ಎಂಬುದು ಸಭೆಗೆ ತಿಳಿಯದ್ದೇನಲ್ಲ: ಎಲ್ಲರಿಗಿಂತ ಕಡಿಮೆ ಸಂಬಳದ ನೀರಗಂಟಿಯ ಕಡೆಗೆ.

ಆದ್ದರಿಂದ ಮೊದಲ ಷರತ್ತು ತಂತ್ರಜ್ಞಾನದ್ದಲ್ಲ, ಆಡಳಿತದ್ದು. ಒಬ್ಬರಿಗೆ ಒಂದೇ ಖಾತೆ. ಒಂದು ಖಾತೆ ಒಬ್ಬರದೇ. ಯಾರು, ಯಾವ ದಿನ, ಎಷ್ಟು ಹೊತ್ತಿಗೆ ಒಳಬಂದು ಯಾವುದನ್ನು ಬದಲಿಸಿದರು ಎಂಬ ದಿನಚರಿಯನ್ನು ಆ್ಯಪ್ ತಾನಾಗಿಯೇ ಬರೆದಿಡಬೇಕು. ಆ ದಿನಚರಿಯನ್ನು ಅಳಿಸುವ ಅಧಿಕಾರ ಅದೇ ಬಳಕೆದಾರರಿಗೆ ಇರಬಾರದು. ದೇಶದ ಸೈಬರ್ ತುರ್ತು ಸ್ಪಂದನಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಇಂತಹ ದಿನಚರಿಗಳನ್ನು 180 ದಿನಗಳ ಕಾಲ ಕಾಪಿಡಬೇಕು. ನಿರ್ದೇಶನದಲ್ಲಿ ಪಟ್ಟಿ ಮಾಡಿರುವ ಭದ್ರತಾ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಸರ್ಕಾರಿ ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ. ಕರ ವಸೂಲಿಯ ಲೆಕ್ಕ ಪರಿಶೋಧನೆ ವರ್ಷಕ್ಕೊಮ್ಮೆ ನಡೆಯುವುದರಿಂದ ಪಂಚಾಯಿತಿಯ ಮಟ್ಟಿಗೆ 180 ದಿನ ಸಾಲದು. ಪರಿಶೋಧನೆ ಮುಗಿಯುವವರೆಗೆ ಇಡುವಂತೆ ಒಪ್ಪಂದದಲ್ಲಿಯೇ ಬರೆಸುವುದು ಲೇಸು.

ಎರಡು ಮಾತುಗಳನ್ನು ಬೇರೆ ಬೇರೆಯಾಗಿ ಅರಿಯಬೇಕು. ಬಂದವರು ಯಾರು ಎಂದು ತಿಳಿಯುವುದು ಗುರುತು ದೃಢೀಕರಣ. ಹಾಗೆ ಗುರುತು ಸಿಕ್ಕವರು ಏನನ್ನು ಮಾಡಬಹುದು ಎಂದು ನಿರ್ಧರಿಸುವುದು ಅಧಿಕಾರ ಮಿತಿ. ಗ್ರಾಮಸಭೆಗೆ ಬಂದವರೆಲ್ಲರ ಪರಿಚಯ ಊರಿಗೆ ಇರುತ್ತದೆ, ಹಾಗೆಂದು ಎಲ್ಲರೂ ಚೆಕ್ಕಿಗೆ ಸಹಿ ಹಾಕಲಾರರು. ಅಗ್ಗದ ಆ್ಯಪ್‌ಗಳು ಎಡವುವುದು ಹೆಚ್ಚಾಗಿ ಈ ಎರಡನೆಯದರಲ್ಲಿ. ಬಾಗಿಲಲ್ಲಿ ಕಾವಲು ಕೂರಿಸಿ ಒಳಗಿನ ಕೋಣೆಗಳಿಗೆಲ್ಲ ಚಿಲಕ ಹಾಕುವುದನ್ನು ಮರೆತಿರುತ್ತಾರೆ. ಅಮೆರಿಕದಲ್ಲಿ ಆಸ್ತಿ ಹಕ್ಕುಪತ್ರಗಳ ವಿಮೆಯ ವ್ಯವಹಾರ ನಡೆಸುವ ಫಸ್ಟ್ ಅಮೆರಿಕನ್ ಫೈನಾನ್ಷಿಯಲ್ ಎಂಬ ಕಂಪನಿಯ ಜಾಲತಾಣದಲ್ಲಿ 2019ರಲ್ಲಿ ಬೆಳಕಿಗೆ ಬಂದ ದೋಷ ಇದೇ ಬಗೆಯದು. ಒಂದು ದಾಖಲೆಯ ಕೊಂಡಿಯಲ್ಲಿದ್ದ ಸಂಖ್ಯೆಯನ್ನು ಒಂದಂಕಿ ಬದಲಿಸಿದರೆ ಬೇರೊಬ್ಬರ ದಾಖಲೆ ತೆರೆದುಕೊಳ್ಳುತ್ತಿತ್ತು. ಸುಮಾರು 88.5 ಕೋಟಿ ದಾಖಲೆಗಳು ಹೀಗೆ ಬಯಲಿನಲ್ಲಿದ್ದವು. ಇದಕ್ಕೆ ಯಾವ ಜಾಣ ಕಳ್ಳನೂ ಬೇಕಿರಲಿಲ್ಲ, ಎಣಿಸಲು ಬಂದರೆ ಸಾಕಾಗಿತ್ತು. ಪಂಚಾಯಿತಿಯ ಆ್ಯಪ್‌ನಲ್ಲಿ ಇದನ್ನು ಪರೀಕ್ಷಿಸಲು ಎಂಜಿನಿಯರ್ ಆಗಬೇಕಿಲ್ಲ. ಪ್ರಾತ್ಯಕ್ಷಿಕೆಯ ದಿನ ಒಬ್ಬ ಸದಸ್ಯರು ತಮ್ಮ ಮನೆಯ ಕರ ರಸೀದಿಯನ್ನು ಬ್ರೌಸರಿನಲ್ಲಿ ತೆರೆದು, ಮೇಲಿನ ವಿಳಾಸದ ಸಾಲಿನಲ್ಲಿ 1041 ಎಂದಿರುವುದನ್ನು 1042 ಎಂದು ತಿದ್ದಿ ನೋಡಲಿ. ಪಕ್ಕದ ಮನೆಯವರ ರಸೀದಿ ಕಂಡರೆ ಆ ದಿನ ಒಪ್ಪಿಗೆ ಕೊಡಬಾರದು.

ಇನ್ನು ಪಾಸ್‌ವರ್ಡಿನ ಮಾತು. ಒಂದು ಯಂತ್ರವನ್ನು ಹಲವರು ಹಂಚಿಕೊಳ್ಳಬೇಕಾದ ಸಂದರ್ಭದಿಂದಲೇ ಪಾಸ್‌ವರ್ಡ್ ಗಣಕಯಂತ್ರಕ್ಕೆ ಬಂದಿತು. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು ಒಂದೇ ಕಂಪ್ಯೂಟರನ್ನು ಅನೇಕರು ಏಕಕಾಲದಲ್ಲಿ ಬಳಸುವ ವ್ಯವಸ್ಥೆ ಕಟ್ಟಿದಾಗ, ಪ್ರತಿಯೊಬ್ಬರ ಕಡತವೂ ಅವರಿಗೇ ಇರಲೆಂದು ಪಾಸ್‌ವರ್ಡ್ ಇರಿಸಿದರು. 1962ರಲ್ಲಿ ಅದೇ ಸಂಸ್ಥೆಯ ಸಂಶೋಧಕ ಅಲನ್ ಶೆರ್, ತಮಗೆ ನಿಗದಿಯಾದ ಗಣಕ ಸಮಯ ಸಾಲದೆ, ಎಲ್ಲರ ಪಾಸ್‌ವರ್ಡುಗಳಿದ್ದ ಕಡತವನ್ನು ಮುದ್ರಿಸಿಕೊಂಡರು. ಪಾಸ್‌ವರ್ಡ್ ಹುಟ್ಟಿದ ಮನೆಯಲ್ಲಿಯೇ, ಹುಟ್ಟಿದ ಸ್ವಲ್ಪ ಕಾಲದಲ್ಲಿಯೇ ಕಳುವಾಯಿತೆಂದಾಯಿತು. ಕಾರಣ ಸರಳ: ಅವುಗಳನ್ನು ಇದ್ದ ಹಾಗೆಯೇ ಬರೆದಿಡಲಾಗಿತ್ತು. ಸುಮಾರು ಅರ್ಧ ಶತಮಾನದ ಬಳಿಕ, 2009ರಲ್ಲಿ, ರಾಕ್‌ಯೂ ಎಂಬ ಕಂಪನಿಯ ದತ್ತಾಂಶ ಕಳುವಾದಾಗ ಸುಮಾರು 3.2 ಕೋಟಿ ಪಾಸ್‌ವರ್ಡುಗಳು ಇದ್ದ ಹಾಗೆಯೇ ಹೊರಬಿದ್ದವು. ಅವುಗಳಲ್ಲಿ ಅತಿ ಹೆಚ್ಚು ಜನ ಇಟ್ಟುಕೊಂಡಿದ್ದದ್ದು 123456.

ಪಾಸ್‌ವರ್ಡನ್ನು ಹೇಗೆ ಇಡಬೇಕು ಎಂಬುದಕ್ಕೆ ರಾಗಿಯ ದೃಷ್ಟಾಂತ ಸಾಕು. ರಾಗಿಯನ್ನು ಬೀಸಿ ಹಿಟ್ಟು ಮಾಡಬಹುದು, ಹಿಟ್ಟಿನಿಂದ ಕಾಳನ್ನು ಮರಳಿ ಪಡೆಯಲಾಗದು. ಒಳ್ಳೆಯ ಆ್ಯಪ್ ಪಾಸ್‌ವರ್ಡನ್ನು ಎಂದಿಗೂ ಉಳಿಸಿಕೊಳ್ಳುವುದಿಲ್ಲ. ಅದನ್ನು ಒಂದು ಗಣಿತದ ಬೀಸುಕಲ್ಲಿಗೆ ಹಾಕಿ ಬಂದ ಹಿಟ್ಟನ್ನಷ್ಟೇ ಇಟ್ಟುಕೊಳ್ಳುತ್ತದೆ. ಬಳಕೆದಾರರು ಮತ್ತೆ ಬಂದು ಪಾಸ್‌ವರ್ಡ್ ಹೇಳಿದಾಗ ಅದನ್ನೂ ಬೀಸಿ, ಎರಡೂ ಹಿಟ್ಟು ಒಂದೇ ಆಗಿದ್ದರೆ ಒಳಗೆ ಬಿಡುತ್ತದೆ. ಕಳ್ಳ ಬಂದರೆ ಅವನಿಗೆ ಸಿಕ್ಕುವುದು ಹಿಟ್ಟು ಮಾತ್ರ. ಆದರೆ ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟುಕೊಂಡಿದ್ದರೆ ಇಬ್ಬರ ಹಿಟ್ಟೂ ಒಂದೇ ಆಗಿ, ಒಬ್ಬರದು ತಿಳಿದರೆ ಇನ್ನೊಬ್ಬರದೂ ತಿಳಿಯುತ್ತದೆ. ಅದಕ್ಕಾಗಿ ಬೀಸುವ ಮುನ್ನ ಪ್ರತಿಯೊಬ್ಬರ ಪಾಸ್‌ವರ್ಡಿಗೂ ಬೇರೆ ಬೇರೆ ಯಾದೃಚ್ಛಿಕ ಅಕ್ಷರಗಳನ್ನು ಬೆರೆಸುತ್ತಾರೆ. ಈ ಬೆರಕೆಗೆ ತಂತ್ರಜ್ಞರು ಇಟ್ಟಿರುವ ಹೆಸರೇ ಉಪ್ಪು. ಬೆಲ್ ಪ್ರಯೋಗಾಲಯದ ರಾಬರ್ಟ್ ಮೋರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿಯೇ ಇದನ್ನು ಬರೆದು ಪ್ರಕಟಿಸಿದ್ದರು. ಹಾಗಿದ್ದೂ 2012ರಲ್ಲಿ ಲಿಂಕ್ಡ್‌ಇನ್ ಸಂಸ್ಥೆಯಿಂದ ಸುಮಾರು 65 ಲಕ್ಷ ಪಾಸ್‌ವರ್ಡುಗಳ ಹಿಟ್ಟು ಹೊರಬಿದ್ದಾಗ ಅದರಲ್ಲಿ ಉಪ್ಪಿರಲಿಲ್ಲ.

ಬೀಸುಕಲ್ಲು ನಿಧಾನವಾಗಿರಬೇಕೆಂಬುದೂ ಮುಖ್ಯ. ಕಳ್ಳನು ಕೋಟ್ಯಂತರ ಊಹೆಗಳನ್ನು ಒಂದೊಂದಾಗಿ ಬೀಸಿ ಹೋಲಿಸಿ ನೋಡುವುದರಿಂದ, ಪ್ರತಿ ಬೀಸುವಿಕೆಗೂ ಸಮಯ ಹಿಡಿಯುವಂತೆ ಮಾಡಿದರೆ ಅವನ ದಾರಿ ದುಬಾರಿಯಾಗುತ್ತದೆ. ಬಿಕ್ರಿಪ್ಟ್, ಆರ್ಗಾನ್2 ಎಂಬ ಹೆಸರಿನ ವಿಧಾನಗಳು ಈ ಕೆಲಸಕ್ಕೆಂದೇ ಇವೆ. ತಯಾರಕರ ಬಾಯಲ್ಲಿ ಇವುಗಳಲ್ಲೊಂದರ ಹೆಸರು ಬಂದರೆ ನೆಮ್ಮದಿ. ಹೆಸರುಗಳು ನೆನಪಿರದಿದ್ದರೂ ಚಿಂತೆಯಿಲ್ಲ, ಸದಸ್ಯರು ಒಂದೇ ಪ್ರಶ್ನೆ ಕೇಳಿದರೆ ಸಾಕು: ‘ಪಾಸ್‌ವರ್ಡ್ ಮರೆತರೆ ಏನು ಮಾಡಬೇಕು?’ ‘ಹೊಸದನ್ನು ಇಟ್ಟುಕೊಳ್ಳಲು ಕೊಂಡಿ ಬರುತ್ತದೆ’ ಎಂಬುದು ಸರಿಯಾದ ಉತ್ತರ. ‘ನಮಗೆ ಫೋನ್ ಮಾಡಿ, ನಿಮ್ಮ ಹಳೆಯ ಪಾಸ್‌ವರ್ಡ್ ಹೇಳುತ್ತೇವೆ’ ಎಂದರೆ ಅವರಲ್ಲಿ ಕಾಳು ಹಾಗೆಯೇ ಇದೆ, ಬೀಸಿಲ್ಲ ಎಂದು ಅರ್ಥ. ಎಷ್ಟು ವಿನಯದಿಂದ ಹೇಳಿದರೂ ಅಂತಹವರಿಗೆ ಕೆಲಸ ಕೊಡತಕ್ಕದ್ದಲ್ಲ.

ಬಳಸುವವರ ಕಡೆಯಿಂದಲೂ ಒಂದು ಮಾತು. ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕು, ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರಲೇಬೇಕು ಎಂಬ ನಿಯಮ ಎಲ್ಲ ಕಚೇರಿಗಳಲ್ಲಿಯೂ ಪರಿಚಿತ. ಇದರ ಫಲವೇನೆಂಬುದೂ ಪರಿಚಿತವೇ: ಊರಿನ ಹೆಸರಿನ ಮುಂದೆ ಒಂದು ಚಿಹ್ನೆ, ಅದರ ಮುಂದೆ 1, ಮೂರು ತಿಂಗಳಾದ ಮೇಲೆ ಅದೇ ಹೆಸರಿನ ಮುಂದೆ 2. ಈ ನಿಯಮಗಳಿಗೆ ಮೂಲವಾದ 2003ರ ಅಮೆರಿಕದ ಮಾರ್ಗಸೂಚಿಯನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ ಅದರ ಬಹುಭಾಗದ ಬಗ್ಗೆ ವಿಷಾದ ವ್ಯಕ್ತಪಡಿಸಿದರು. ಅದೇ ವರ್ಷ ಪರಿಷ್ಕೃತವಾದ ಮಾರ್ಗಸೂಚಿ ಕಾರಣವಿಲ್ಲದ ಬದಲಾವಣೆಯನ್ನು ಕೈಬಿಟ್ಟು ಉದ್ದಕ್ಕೆ ಒತ್ತು ಕೊಟ್ಟಿತು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು, ಹುಣಸೆ, ಕಂಬಳಿ, ಬುಧವಾರ, ಗಾಡಿ ಎಂಬಂತೆ, ಒಟ್ಟಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ನೆನಪಿನಲ್ಲಿಯೂ ಉಳಿಯುತ್ತದೆ, ಊಹೆಗೂ ಸುಲಭಕ್ಕೆ ನಿಲುಕದು. (ಸುತ್ತೋಲೆಯಲ್ಲಿ ಅಚ್ಚಾದ ಈ ನಾಲ್ಕನ್ನೇ ಯಾರೂ ಇಟ್ಟುಕೊಳ್ಳಬಾರದು.)

ಗ್ರಾಮಸ್ಥರು ಬಳಸುವ ಆ್ಯಪ್‌ಗಳಲ್ಲಿ ಪಾಸ್‌ವರ್ಡಿಗಿಂತ ಒಟಿಪಿಯೇ ಹೆಚ್ಚು ಚಾಲ್ತಿಯಲ್ಲಿದೆ. ಭಾರತದಲ್ಲಿ ಜನರಿಗೆ ಇದನ್ನು ರೂಢಿ ಮಾಡಿಸಿದ್ದು ಬ್ಯಾಂಕುಗಳು. ಕಾರ್ಡಿನ ಆನ್‌ಲೈನ್ ವ್ಯವಹಾರಕ್ಕೆ ಎರಡನೆಯ ದೃಢೀಕರಣ ಕಡ್ಡಾಯವೆಂಬ ರಿಸರ್ವ್ ಬ್ಯಾಂಕಿನ ನಿಯಮ 2009ರ ಆಗಸ್ಟ್‌ನಿಂದ ಜಾರಿಗೆ ಬಂದಿತು. ಒಟಿಪಿ ದೃಢಪಡಿಸುವುದು ವ್ಯಕ್ತಿಯನ್ನಲ್ಲ, ಆ ಕ್ಷಣದಲ್ಲಿ ಆ ಸಿಮ್ ಯಾರ ಕೈಯಲ್ಲಿದೆಯೋ ಅವರನ್ನು. ನಗರದಲ್ಲಿ ಈ ಎರಡರ ನಡುವೆ ಅಂತರ ಕಡಿಮೆ. ಹಳ್ಳಿಯಲ್ಲಿ ಒಂದು ಮನೆಗೆ ಒಂದೇ ಫೋನು ಇರಬಹುದು, ಅದು ಹಗಲೆಲ್ಲ ಮಗನ ಜೊತೆ ಪೇಟೆಯಲ್ಲಿರಬಹುದು. ವೃದ್ಧಾಪ್ಯ ವೇತನದ ಅರ್ಜಿ ಹಾಕಲು ಬಂದ ಅಜ್ಜಿಯ ಒಟಿಪಿ ಆ ಹೊತ್ತಿಗೆ ಎಲ್ಲಿಗೋ ಹೋಗಿ ಬೀಳುತ್ತದೆ. ಇನ್ನೊಂದು ಸಂಗತಿ ಹಲವರಿಗೆ ತಿಳಿದಿಲ್ಲ. ರೀಚಾರ್ಜ್ ಮಾಡದೆ ಸ್ಥಗಿತಗೊಂಡ ಮೊಬೈಲ್ ಸಂಖ್ಯೆಯನ್ನು ಕಂಪನಿಗಳು ಕನಿಷ್ಠ 90 ದಿನಗಳ ಬಳಿಕ ಬೇರೊಬ್ಬರಿಗೆ ಹಂಚಬಹುದು. ಗುಳೆ ಹೋದ ಕುಟುಂಬದ ಹಳೆಯ ಸಂಖ್ಯೆ ಪಂಚಾಯಿತಿಯ ದಾಖಲೆಯಲ್ಲಿ ಹಾಗೆಯೇ ಉಳಿದು, ಆ ಕುಟುಂಬದ ಒಟಿಪಿ ಅಪರಿಚಿತರೊಬ್ಬರ ಫೋನಿಗೆ ಹೋಗುವುದು ಹೀಗೆ. ಆ್ಯಪ್‌ನಲ್ಲಿ ಸಂಖ್ಯೆ ಬದಲಾಯಿಸುವ ದಾರಿ ಸುಲಭವಾಗಿರಬೇಕು. ಆದರೆ ಆ ಬದಲಾವಣೆಯನ್ನು ಕಚೇರಿಯಲ್ಲಿ ಮುಖತಃ ಗುರುತು ನೋಡಿಯೇ ಮಾಡಬೇಕು, ಫೋನಿನಲ್ಲಿ ಹೇಳಿದರೆಂದು ಮಾಡಬಾರದು. ಜೊತೆಗೆ ಆರಂಕಿಯ ಒಟಿಪಿಗೆ ಇರುವುದು 10 ಲಕ್ಷ ಸಾಧ್ಯತೆಗಳು ಮಾತ್ರ. ನಾಲ್ಕೈದು ತಪ್ಪು ಪ್ರಯತ್ನಗಳಾದ ಕೂಡಲೇ ಆ್ಯಪ್ ಬಾಗಿಲು ಮುಚ್ಚದಿದ್ದರೆ ಯಂತ್ರವೊಂದು ಅಷ್ಟನ್ನೂ ಪ್ರಯತ್ನಿಸಿ ನೋಡಬಲ್ಲದು.

‘ಬೆರಳಚ್ಚು ಇರಿಸಿಬಿಡೋಣ’ ಎಂಬ ಸಲಹೆ ಸಭೆಗಳಲ್ಲಿ ಆಗಾಗ ಬರುತ್ತದೆ. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು. ಕಲ್ಲು ಮಣ್ಣು ಹೊತ್ತು ಸವೆದ ಬೆರಳುಗಳನ್ನು ಯಂತ್ರ ಗುರುತಿಸದೆ ಪಡಿತರದ ಅಂಗಡಿಯ ಮುಂದೆ ಮತ್ತೆ ಮತ್ತೆ ಒರೆಸಿ ಒತ್ತುವ ದೃಶ್ಯ ಎಲ್ಲ ಸದಸ್ಯರಿಗೂ ಗೊತ್ತು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ನಕಲಿ ಬೆರಳಚ್ಚು ಬಳಸಿ ಹಣ ತೆಗೆದ ಪ್ರಕರಣಗಳು ಕರ್ನಾಟಕದಲ್ಲಿಯೂ ದಾಖಲಾಗಿವೆ. ಎಂಆಧಾರ್ ಆ್ಯಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕಿಕೊಳ್ಳುವ ಸೌಲಭ್ಯವಿದೆ. ಇದನ್ನು ಗ್ರಾಮಸಭೆಯಲ್ಲಿ ಒಮ್ಮೆ ತೋರಿಸಿಕೊಡುವುದು ಉಪಯುಕ್ತ. ಪಂಚಾಯಿತಿಯ ಸಣ್ಣ ಆ್ಯಪ್‌ಗೆ ಮಾತ್ರ ಬೆರಳಚ್ಚು ಸಂಗ್ರಹ ಬೇಡವೇ ಬೇಡ. ಹಾಜರಾತಿಗೂ ಬೇಡ, ನೀರಿನ ಬಿಲ್ಲಿಗೂ ಬೇಡ.

ಹಾಗಾದರೆ ತಯಾರಕರು ಲಾಗಿನ್ ವ್ಯವಸ್ಥೆಯನ್ನು ಮೊದಲಿನಿಂದ ತಾವೇ ಕಟ್ಟಬೇಕೇ? ಬೇಡ ಎಂಬುದೇ ಹೆಚ್ಚು ಕ್ಷೇಮಕರವಾದ ಉತ್ತರ. ಬೀಗವನ್ನು ಊರಿನ ಬಡಗಿಯೇ ಕಂಡುಹಿಡಿಯಬೇಕಾಗಿಲ್ಲ, ಬಾಗಿಲಿಗೆ ಸರಿಯಾಗಿ ಕೂರಿಸಿದರೆ ಸಾಕು. ಒಂದು ಆ್ಯಪ್ ತಾನು ಪಾಸ್‌ವರ್ಡನ್ನು ಮುಟ್ಟದೆ, ಮತ್ತೊಂದು ನಂಬಿಕಸ್ಥ ಸೇವೆ ‘ಇವರು ಇಂತಹವರು’ ಎಂದು ಕೊಟ್ಟ ಸಹಿ ಮಾಡಿದ ಚೀಟಿಯನ್ನು ಒಪ್ಪಿಕೊಳ್ಳುವ ಕ್ರಮಕ್ಕೆ ಓಪನ್‌ಐಡಿ ಕನೆಕ್ಟ್ ಎಂದು ಹೆಸರು. 2014ರಿಂದ ಅದು ಪ್ರಮಾಣಿತ ರೂಪದಲ್ಲಿದೆ. ಇದೇ ಬಗೆಯಲ್ಲಿ ಒಂದೇ ಗುರುತಿನಿಂದ ಹಲವು ಸರ್ಕಾರಿ ಸೇವೆಗಳಿಗೆ ಪ್ರವೇಶ ಕೊಡಲು ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಮೇರಿ ಪೆಹಚಾನ್ ಎಂಬ ವ್ಯವಸ್ಥೆಯನ್ನು ಆರಂಭಿಸಿದೆ. ಡಿಜಿಲಾಕರ್ ಖಾತೆ ಇರುವವರು ಅದೇ ಖಾತೆಯಿಂದ ಒಳಬರಬಹುದು. ಸರ್ಕಾರಿ ಸೇವೆಯೊಂದಿಗೆ ಜೋಡಿಸಲು ಅನುಮತಿ ಬೇಕಾಗುತ್ತದೆ, ತಡವೂ ಆದೀತು. ಆದರೂ ತಯಾರಕರನ್ನು ಆ ದಿಕ್ಕಿನಲ್ಲಿ ಕೇಳುವುದರಲ್ಲಿ ತಪ್ಪಿಲ್ಲ. ಪಾಸ್‌ಕೀ ಎಂಬ ಇನ್ನೂ ಹೊಸ ವಿಧಾನದಲ್ಲಿ ಫೋನಿನ ಬೀಗ ತೆರೆಯುವ ಕ್ರಮದಿಂದಲೇ ಲಾಗಿನ್ ಆಗುತ್ತದೆ, ಗುಟ್ಟು ಸರ್ವರಿಗೆ ಹೋಗುವುದೇ ಇಲ್ಲ. ಸ್ವಂತ ಫೋನ್ ಇರುವ ಸಿಬ್ಬಂದಿಗೆ ಅದು ಚೆನ್ನ. ಹಂಚಿಕೊಂಡ ಫೋನಿಗೆ ಹೊಂದದು.

ಮೊಬೈಲ್ ಆ್ಯಪ್‌ನಲ್ಲಿ ಒಮ್ಮೆ ಲಾಗಿನ್ ಆದವರು ತಿಂಗಳುಗಟ್ಟಲೆ ಒಳಗೇ ಇರುತ್ತಾರೆ. ಜಾತ್ರೆಯಲ್ಲಿ ಒಮ್ಮೆ ಹಣ ಕೊಟ್ಟು ಪಡೆದ ಚೀಟಿಯಂತೆ ಫೋನಿನೊಳಗೆ ಒಂದು ಟೋಕನ್ ಕುಳಿತಿರುತ್ತದೆ. ಕರವಸೂಲಿಗಾರನ ಫೋನ್ ಬಸ್ಸಿನಲ್ಲಿ ಕಳೆದುಹೋದರೆ ಆ ಟೋಕನ್ನನ್ನು ಕಚೇರಿಯಿಂದಲೇ ರದ್ದು ಮಾಡುವ ಗುಂಡಿ ಇರಬೇಕು. ಪ್ರಾತ್ಯಕ್ಷಿಕೆಯಲ್ಲಿ ಇದನ್ನೂ ಮಾಡಿ ತೋರಿಸಲು ಹೇಳಬೇಕು.

ಈವರೆಗಿನದು ಹೊಸ ಆ್ಯಪ್‌ಗಳ ಮಾತಾಯಿತು. ಈಗಾಗಲೇ ಸದಸ್ಯರ ಕೈಯಲ್ಲಿರುವ ಒಂದು ವಸ್ತುವಿನ ಬಗ್ಗೆ ಹೆಚ್ಚು ಹೊತ್ತು ನಿಲ್ಲುವುದು ಅಗತ್ಯ. ಅದು ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್. ನೋಡಲು ಪೆನ್‌ಡ್ರೈವಿನಂತಿದ್ದರೂ ಅದರ ಕೆಲಸ ಬೇರೆ. ಅದರೊಳಗೆ ಒಂದು ಖಾಸಗಿ ಕೀಲಿ ಇರುತ್ತದೆ. ಅದು ಹೊರಗೆ ಬರುವುದಿಲ್ಲ, ನಕಲಾಗುವುದಿಲ್ಲ. ಪಿನ್ ಒತ್ತಿದಾಗ ಒಳಗಿದ್ದುಕೊಂಡೇ ಸಹಿ ಮಾಡುತ್ತದೆ. ಇ-ಗ್ರಾಮ್‌ಸ್ವರಾಜ್‌ನ ಪಾವತಿಯಲ್ಲಿ ಒಬ್ಬರು ಪಾವತಿಯನ್ನು ಸಿದ್ಧಪಡಿಸಿ ಸಹಿ ಮಾಡಬೇಕು, ಮತ್ತೊಬ್ಬರು ಪರಿಶೀಲಿಸಿ ಸಹಿ ಮಾಡಬೇಕು. ಎರಡು ಕಣ್ಣಿನ ಬದಲು ನಾಲ್ಕು ಕಣ್ಣು ನೋಡಲಿ ಎಂಬುದೇ ಇದರ ಉದ್ದೇಶ. ಎರಡೂ ಟೋಕನ್‌ಗಳು ಒಂದೇ ಮೇಜಿನ ಖಾನೆಯಲ್ಲಿದ್ದು, ಎರಡೂ ಪಿನ್‌ಗಳು ಒಬ್ಬರೇ ಆಪರೇಟರಿಗೆ ತಿಳಿದಿದ್ದರೆ ನಾಲ್ಕು ಕಣ್ಣು ಮತ್ತೆ ಎರಡಾಗುತ್ತವೆ. ತಂತ್ರಾಂಶದ ದಾಖಲೆಯಲ್ಲಿ ಮಾತ್ರ ಇಬ್ಬರು ನೋಡಿ ಒಪ್ಪಿದರೆಂದೇ ಇರುತ್ತದೆ.

ಇದು ಅಧ್ಯಕ್ಷೆಯರ ವಿಷಯದಲ್ಲಿ ಇನ್ನಷ್ಟು ಗಂಭೀರ. ಕರ್ನಾಟಕದಲ್ಲಿ ಪಂಚಾಯಿತಿ ಸ್ಥಾನಗಳಲ್ಲಿ ಶೇ. 50ರಷ್ಟು ಮಹಿಳೆಯರಿಗೆ ಮೀಸಲು. ಹಳೆಯ ಕಾಲದಲ್ಲಿ ಅಧ್ಯಕ್ಷೆಯ ಬದಲು ಅವರ ಪತಿ ಚೆಕ್ಕಿಗೆ ಸಹಿ ಹಾಕಲು ಸಾಧ್ಯವಿರಲಿಲ್ಲ. ಕೈಬರಹ ಬೇರೆ, ಬ್ಯಾಂಕು ಹಿಡಿಯುತ್ತಿತ್ತು. ಕನಿಷ್ಠ ಸಹಿಯ ಹೊತ್ತಿಗಾದರೂ ಅವರ ಮುಂದೆ ಕಾಗದ ಇಡಲೇಬೇಕಿತ್ತು, ಅವರು ಒಂದು ಪ್ರಶ್ನೆ ಕೇಳುವ ಅವಕಾಶ ಅಲ್ಲಿತ್ತು. ಟೋಕನ್ ಪತಿಯ ಜೇಬಿನಲ್ಲಿದ್ದು, ಒಟಿಪಿ ಪತಿಯ ಮೊಬೈಲಿಗೆ ಬಂದರೆ ಆ ಅವಕಾಶವೂ ಹೋಗುತ್ತದೆ, ಯಾವ ಬ್ಯಾಂಕೂ ಹಿಡಿಯಲಾರದು. ಪಾರದರ್ಶಕತೆಗೆಂದು ತಂದ ಉಪಕರಣದಿಂದಲೇ ಆಯ್ಕೆಯಾದ ಮಹಿಳೆ ತನ್ನದೇ ಕುರ್ಚಿಯಿಂದ ಹೊರಗುಳಿಯುವಂತಾಗುತ್ತದೆ. ಆಕೆಗೆ ಕಂಪ್ಯೂಟರ್ ಬಾರದು ಎಂಬುದು ಇದಕ್ಕೆ ಕೊಡುವ ಸಾಮಾನ್ಯ ಸಮಜಾಯಿಷಿ. ಟೋಕನ್ ಚುಚ್ಚಿ, ಪರದೆಯ ಮೇಲೆ ಮೊತ್ತ ಮತ್ತು ಪಡೆಯುವವರ ಹೆಸರು ಓದಿ, ಪಿನ್ ಒತ್ತುವುದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು. ಎಟಿಎಂ ಬಳಸುವವರಿಗೆ ಅಷ್ಟೂ ಬೇಡ. ಓದಲು ಕಷ್ಟವಾದವರಿಗೆ ಸಭೆಯ ಎದುರಿನಲ್ಲಿ ಪಾವತಿ ಪಟ್ಟಿಯನ್ನು ಗಟ್ಟಿಯಾಗಿ ಓದಿ ಹೇಳಿ, ಆ ಬಳಿಕ ಅವರೇ ಪಿನ್ ಒತ್ತುವ ಪದ್ಧತಿ ಇರಿಸಬಹುದು.

ಕಾನೂನಿನ ದೃಷ್ಟಿಯಲ್ಲಿ ‘ಟೋಕನ್ ನನ್ನ ಬಳಿ ಇರಲಿಲ್ಲ’ ಎಂಬ ಮಾತು ರಕ್ಷಣೆಯಾಗುವುದು ಕಷ್ಟ. ಮಾಹಿತಿ ತಂತ್ರಜ್ಞಾನ ಅಧಿನಿಯಮ 2000ರ 42ನೆಯ ಪ್ರಕರಣದಂತೆ ಡಿಜಿಟಲ್ ಸಹಿ ಪಡೆದವರು ತಮ್ಮ ಖಾಸಗಿ ಕೀಲಿ ತಮ್ಮ ಹತೋಟಿಯಲ್ಲಿಯೇ ಇರುವಂತೆ ಸೂಕ್ತ ಎಚ್ಚರ ವಹಿಸಬೇಕು. ಅದು ಬೇರೆಯವರ ಪಾಲಾದರೆ ತಡಮಾಡದೆ ಪ್ರಮಾಣಪತ್ರ ನೀಡಿದ ಸಂಸ್ಥೆಗೆ ತಿಳಿಸಬೇಕು, ತಿಳಿಸುವವರೆಗಿನ ಹೊಣೆ ಸಹಿಯ ಒಡೆಯರದ್ದೇ ಆಗಿರುತ್ತದೆ. ಇನ್ನೊಬ್ಬರ ಎಲೆಕ್ಟ್ರಾನಿಕ್ ಸಹಿಯನ್ನೋ ಪಾಸ್‌ವರ್ಡನ್ನೋ ಮೋಸದಿಂದ ಬಳಸಿದವರಿಗೆ ಅದೇ ಅಧಿನಿಯಮದ 66ಸಿ ಪ್ರಕರಣದಡಿ 3 ವರ್ಷದವರೆಗೆ ಸೆರೆವಾಸ ಹಾಗೂ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಹಾಗಾಗಿ ಟೋಕನ್ ಕಳೆದ ದಿನವೇ ಪ್ರಮಾಣಪತ್ರ ರದ್ದತಿಗೆ ಬರೆದು, ಆ ಪತ್ರದ ಪ್ರತಿಯನ್ನು ಕಡತದಲ್ಲಿ ಇರಿಸಬೇಕು. ಹಣ ಹೋಗಿದ್ದರೆ 1930 ಸಂಖ್ಯೆಗೆ ಕೂಡಲೇ ಕರೆ ಮಾಡಬೇಕು. ಹಣ ಕೈಯಿಂದ ಕೈಗೆ ದಾಟುವ ಮೊದಲೇ ತಡೆಯಲು ಮೊದಲ ಕೆಲವು ಗಂಟೆಗಳೇ ನಿರ್ಣಾಯಕ.

ಕೊನೆಯದಾಗಿ, ಅಧಿಕಾರ ಹಸ್ತಾಂತರದ ದಿನ. ಅಧ್ಯಕ್ಷರು ಬದಲಾಗುತ್ತಾರೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ವರ್ಗಾವಣೆಯಾಗುತ್ತದೆ, ಆಪರೇಟರ್ ಬೇರೆ ಕೆಲಸ ಹಿಡಿಯುತ್ತಾರೆ. ಪ್ರಭಾರ ವಹಿಸಿಕೊಡುವ ಪಟ್ಟಿಯಲ್ಲಿ ಕುರ್ಚಿ, ಬೀರು, ಪಂಪ್‌ಸೆಟ್‌ಗಳ ಲೆಕ್ಕವಿರುತ್ತದೆ. ಲಾಗಿನ್‌ಗಳ ಲೆಕ್ಕ ಇರುವುದಿಲ್ಲ. ಯಾವ ತಂತ್ರಾಂಶದಲ್ಲಿ ಯಾರ ಹೆಸರಿನ ಖಾತೆ ಇದೆ, ಯಾವ ಮೊಬೈಲ್ ಸಂಖ್ಯೆಗೆ ಜೋಡಣೆಯಾಗಿದೆ ಎಂಬ ಒಂದು ಪುಟದ ವಹಿಯನ್ನು ಪಾಸ್‌ವರ್ಡ್ ಬರೆಯದೆ ಇಟ್ಟುಕೊಂಡು, ನಿರ್ಗಮಿಸಿದವರ ಖಾತೆಯನ್ನು ಅದೇ ದಿನ ಮುಚ್ಚಿ, ಬಂದವರಿಗೆ ಹೊಸದನ್ನು ತೆರೆದು, ನಡಾವಳಿಯಲ್ಲಿ ದಾಖಲಿಸತಕ್ಕದ್ದು. ಹಳಬರ ಖಾತೆಯನ್ನು ಹೊಸಬರಿಗೆ ದಾಟಿಸಬಾರದು. ದಾಟಿಸಿದರೆ ಇಬ್ಬರ ಕೆಲಸವೂ ಒಂದೇ ಹೆಸರಿನಲ್ಲಿ ಬೆರೆಯುತ್ತದೆ.

ಆ್ಯಪ್ ಮಾಡಿಕೊಟ್ಟ ತಯಾರಕರ ಬಳಿಯೂ ಒಂದು ಖಾತೆ ಇರುತ್ತದೆ, ಎಲ್ಲವನ್ನೂ ನೋಡಬಲ್ಲ, ಎಲ್ಲವನ್ನೂ ತಿದ್ದಬಲ್ಲ ಖಾತೆ. ಒಪ್ಪಂದ ಮುಗಿದು ಎರಡು ವರ್ಷವಾದರೂ ಅದು ಅವರ ಲ್ಯಾಪ್‌ಟಾಪಿನಲ್ಲಿಯೇ ಉಳಿದಿರುವ ಸಾಧ್ಯತೆ ಬಹಳ. ಆ ಖಾತೆಯನ್ನು ಪಂಚಾಯಿತಿಯ ಹೆಸರಿಗೆ ವರ್ಗಾಯಿಸಿ, ತಯಾರಕರ ಪ್ರವೇಶವನ್ನು ತೆಗೆದುಹಾಕಿದ ಬಗ್ಗೆ ಲಿಖಿತ ದೃಢೀಕರಣ ಪಡೆದ ನಂತರವೇ ಕೊನೆಯ ಕಂತಿನ ಹಣವನ್ನು ಬಿಡುಗಡೆ ಮಾಡಬೇಕೆಂಬ ಷರತ್ತನ್ನು ಕಾರ್ಯಾದೇಶದಲ್ಲಿಯೇ ಸೇರಿಸುವುದು ಸೂಕ್ತ.